ನಂದಿಯ ಬುಡದಲ್ಲೇ ಸುತ್ತಿ ನೋಡಿ
ನಂದಿ ಬೆಟ್ಟ ಹತ್ತದೆ, ಹಳ್ಳಿಗಳ ನಡುವೆ ಎಂಟಿಬಿ (ಗುಡ್ಡ, ಮಣ್ಣಿನ ದಾರಿಗೆ ಹೊಂದುವ ಸೈಕಲ್) ಓಡಿಸಲು ಚಿಕ್ಕಬಳ್ಳಾಪುರದ ಕಡೆ ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. 1,478 ಮೀಟರ್ ಎತ್ತರದ ನಂದಿಯ ತುದಿಗೆ ಎಲ್ಲರೂ ಹೋಗುತ್ತಾರೆ. ನೀವು ಬುಡದಲ್ಲೇ ಸುತ್ತಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಶುರು ಮಾಡಿ, ಸುಲ್ತಾನ್‌ಪೇಟೆ, ಮುದ್ದೇನಹಳ್ಳಿ ಕಡೆ ತಿರುಗಿ. ದ್ರಾಕ್ಷಿ ತೋಟ, ಹಿಪ್ಪುನೇರಳೆ ಹೊಲಗಳ ನಡುವಿನ ಮಣ್ಣಿನ ದಾರಿ ನನಗಂತೂ ತುಂಬಾ ಇಷ್ಟ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಅಲ್ಲೇ ಇದೆ.

ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಒಮ್ಮೆ ಹಾಗೇ ನುಗ್ಗಿಸಿದ್ದೆ, ಬಳ್ಳಿಯೆಲ್ಲ ಹಿಂದಿನ ಗೇರಿಗೆ ಬಿಗಿಯಾಗಿ ಸುತ್ತಿಕೊಂಡಿತು. ಅಲ್ಲಿದ್ದ ಅಜ್ಜಿಯೊಬ್ಬರು ಕುಡುಗೋಲು ತಂದು ಎಳೆ ಎಳೆಯಾಗಿ ಕತ್ತರಿಸಿಕೊಟ್ಟರು. ಜಾಲಿ ಮುಳ್ಳು ಜಾಸ್ತಿ, ಎರಡು ಟ್ಯೂಬ್ ಇಟ್ಟುಕೊಳ್ಳಿ.