ಜೇಬಿನ ಖರ್ಚು ಇಳಿದರೆ ಆರೋಗ್ಯ ವ್ಯವಸ್ಥೆ ಸುಧಾರಿಸಿದಂತೆಯೇ?
ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನ ಖರ್ಚಿನ (ಚಿಕಿತ್ಸೆಗೆ ಅವರೇ ಕೈಯಿಂದ ಕೊಡುವ ಹಣದ) ಪಾಲು 2013–14ರ ಶೇ. 64.2ರಿಂದ 2021–22ಕ್ಕೆ ಶೇ. 39.4ಕ್ಕೆ ಇಳಿದಿದೆ, ಇದರ ಮೇಲೇ ಪ್ರಬಂಧದ ತೀರ್ಮಾನ ಬರೆಯಬಹುದೇ ಎಂದು ಕೇಳಿದ್ದೀರಿ. ಅದೊಂದನ್ನೇ ನಂಬಬೇಡಿ.

ಅದು ಪಾಲು, ಮೊತ್ತವಲ್ಲ. ಸರ್ಕಾರ ಹೆಚ್ಚು ಖರ್ಚು ಮಾಡಿದರೆ ರೋಗಿಯ ಬಿಲ್ಲು ಒಂದು ರೂಪಾಯಿ ತಗ್ಗದಿದ್ದರೂ ಪಾಲು ಇಳಿಯುತ್ತದೆ. 2021–22 ಅಂತೂ ಸರ್ಕಾರ ಕೋವಿಡ್ ಲಸಿಕೆಗೆ ಖರ್ಚು ಮಾಡಿದ ವರ್ಷ. ಇನ್ನು, ಮನೆಮಂದಿಯ ಖರ್ಚಿನ ಮೂಲ ಅಂಕಿ 2017–18ರ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 75ನೇ ಸುತ್ತಿನದು. ಆಮೇಲಿನವು ಅದರಿಂದ ಬೆಳೆಸಿದ ಅಂದಾಜು. ಹಾಗಾಗಿ ತಲಾ ಜೇಬಿನ ಖರ್ಚನ್ನು ಸ್ಥಿರ ಬೆಲೆಗೆ (ಬೆಲೆಯೇರಿಕೆ ಕಳೆದು) ತಂದು ಜೊತೆಗಿಟ್ಟು ನೋಡಿ. ಹೊರರೋಗಿ, ಒಳರೋಗಿ ಖರ್ಚನ್ನೂ ಬೇರ್ಪಡಿಸಿ: ಆಯುಷ್ಮಾನ್ ಭಾರತ್‌ನ 5 ಲಕ್ಷ ರೂ. ವಿಮಾ ರಕ್ಷಣೆ ಇರುವುದು ಆಸ್ಪತ್ರೆಗೆ ದಾಖಲಾದವರಿಗೆ. ಬಿಪಿ, ಶುಗರ್‌ನವರ ತಿಂಗಳ ಮಾತ್ರೆಗೆ ಅದು ಸಿಗದು.

ವ್ಯವಸ್ಥೆ ಸುಧಾರಿಸಿದೆಯೇ ಎನ್ನಲು ಸಿಬ್ಬಂದಿಯನ್ನೂ ನೋಡಬೇಕು. ಅದಕ್ಕೆ ಗ್ರಾಮೀಣ ಆರೋಗ್ಯ ಅಂಕಿಅಂಶ ವರದಿಯಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞವೈದ್ಯರ ಕೋಷ್ಟಕ ತೆಗೆಯಿರಿ. 2021–22ರಲ್ಲಿ ಅಗತ್ಯಕ್ಕೆ ಹೋಲಿಸಿದರೆ ಕೊರತೆ ಶೇ. 80ರ ಆಸುಪಾಸು. ‘ಅಗತ್ಯ’, ‘ಮಂಜೂರು’, ‘ಹಾಲಿ’ ಎಂಬ ಮೂರು ಕಾಲಂ ಇರುತ್ತವೆ. ಖಾಲಿ ಹುದ್ದೆ ಎಣಿಸುವುದು ಮಂಜೂರಾದದ್ದರಲ್ಲಿ. ಹುದ್ದೆಯನ್ನೇ ಮಂಜೂರು ಮಾಡದ ರಾಜ್ಯ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ.