ಬ್ರೂಗೆಲ್‌ನ ‘ಹಿಮದಲ್ಲಿ ಬೇಟೆಗಾರರು’ ಚಿತ್ರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಇದನ್ನು ಬೇಟೆಯ ಚಿತ್ರ ಅಂತ ನೋಡಬೇಡಿ. ಒಂದು ಇಡೀ ಊರು ಚಳಿಗಾಲವನ್ನು ಹೇಗೆ ಕಳೆಯುತ್ತದೆ ಅನ್ನುವುದೇ ಇದರ ವಿಷಯ. ಫ್ಲಾಂಡರ್ಸ್ (ಈಗಿನ ಬೆಲ್ಜಿಯಂನ ಭಾಗ) ನಾಡಿನ ಚಿತ್ರಕಾರ ಪೀಟರ್ ಬ್ರೂಗೆಲ್ 1565ರಲ್ಲಿ ಆಂಟ್‌ವರ್ಪ್‌ನ ಒಬ್ಬ ವ್ಯಾಪಾರಿಗಾಗಿ ವರ್ಷದ ಬೇರೆ ಬೇರೆ ಕಾಲಗಳನ್ನು ತೋರಿಸುವ ಚಿತ್ರಗಳ ಸರಣಿ ಬರೆದ. ಅದರಲ್ಲಿ ಕಡು ಚಳಿಯ ಭಾಗ ಇದು. ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ.

ಗುಟ್ಟಿರುವುದು ಅವನು ನಮ್ಮ ಕಣ್ಣನ್ನು ನಡೆಸುವ ರೀತಿಯಲ್ಲಿ. ಎಡಗಡೆ ದಿಬ್ಬದ ಮೇಲೆ ಮೂವರು ಬೇಟೆಗಾರರು ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಾರೆ. ಮುಖ ಕಾಣದ್ದರಿಂದ ನಾವೂ ಅವರ ಹಿಂದೆಯೇ ನಿಂತಂತೆ ಅನ್ನಿಸುತ್ತದೆ. ಕಪ್ಪು ಮರಗಳ ಸಾಲು ಚಿಕ್ಕದಾಗುತ್ತಾ ಇಳಿಯುತ್ತದೆ, ನೋಟವೂ ಅದರ ಜೊತೆಗೇ ಕಣಿವೆಗೆ ಜಾರುತ್ತದೆ. ಆಕಾಶಕ್ಕೂ ಮಂಜುಗಡ್ಡೆಗೂ ಒಂದೇ ಬೂದು ಹಸಿರು ಬಣ್ಣ. ಚಳಿ ನಮಗೂ ತಾಗುವುದು ಅದರಿಂದಲೇ.

ಮೇಲೆ ದಣಿವು: ಕಣ್ಣಿಗೆ ಬೀಳುವ ಬೇಟೆ ಒಂದೇ ನರಿ, ನಾಯಿಗಳೂ ತಲೆ ತಗ್ಗಿಸಿವೆ. ಕೆಳಗೆ ಹೆಪ್ಪುಗಟ್ಟಿದ ಕೊಳಗಳ ಮೇಲೆ ಜನ ಜಾರಾಟ ಆಡುತ್ತಿದ್ದಾರೆ. ಸೇತುವೆ ಮೇಲೆ ಒಬ್ಬರು ಸೌದೆ ಹೊತ್ತು ಹೋಗುತ್ತಿದ್ದಾರೆ. ದೂರದಲ್ಲಿ ಒಂದು ಮನೆಯ ಹೊಗೆಗೂಡಿಗೆ ಬೆಂಕಿ ಬಿದ್ದಿದೆ, ಆರಿಸಲು ಜನ ಓಡುತ್ತಿದ್ದಾರೆ. ಈ ಬೆಂಕಿಯನ್ನು ತಪ್ಪದೆ ಹುಡುಕಿ ನೋಡಿ, ಸುಲಭವಾಗಿ ಕಣ್ತಪ್ಪುತ್ತದೆ. ಹಸಿವು, ಆಟ, ಅಪಾಯ ಯಾವುದಕ್ಕೂ ಅವನು ಜಾಸ್ತಿ ಒತ್ತು ಕೊಟ್ಟಿಲ್ಲ. ನನಗೆ ಈ ಚಿತ್ರದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಹಿಂದಿನ ಚೂಪು ಬೆಟ್ಟಗಳು ಮಾತ್ರ ಅಲ್ಲಿಯವಲ್ಲ. ಫ್ಲಾಂಡರ್ಸ್ ಬಯಲು ನಾಡು, ಅಲ್ವಾ? ಬ್ರೂಗೆಲ್ ಇಟಲಿಗೆ ಹೋಗಿ ಬಂದಾಗ ಆಲ್ಪ್ಸ್ ಬೆಟ್ಟಗಳನ್ನು ಕಂಡಿದ್ದ. ಹಾಗಾಗಿ ಇದು ಯಾವ ಹಳ್ಳಿ ಅಂತ ಭೂಪಟದಲ್ಲಿ ಹುಡುಕಬೇಡಿ.