ಜ್ಯೂಸ್ ಪೂಜೆಗೆ ಹೋಗಲಾ ಅಂತ ಕೇಳಿದ ತಮ್ಮನಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ?

ಅಥೆನ್ಸ್ ಹತ್ತಿರದ ಬಂದರು ಪಿರೇಯಸ್‌ನ ಹಡಗು ಕಂಪನಿಗೆ ಸೇರಿ ಎರಡು ತಿಂಗಳಾಯಿತು, ಆಫೀಸಿನ ಗ್ರೀಕ್ ಗೆಳೆಯ ದೇವರಾಜ ಜ್ಯೂಸ್ ಮತ್ತಿತರ ಹಳೇ ಗ್ರೀಕ್ ದೇವರುಗಳ ಪೂಜೆಗೆ ಕರೆದಿದ್ದಾನೆ ಅಂದೆ. "ನೀವು ಹಿಂದೂಗಳು ಉಳಿಸಿಕೊಂಡಿರಿ, ನಾವು ಕಳೆದುಕೊಂಡೆವು" ಅಂದನಂತೆ. ಇವರು ನಿಜವಾಗಿ ನಂಬುತ್ತಾರಾ, ಹೋದರೆ ತೊಂದರೆ ಆಗುತ್ತಾ ಅಂತ ಕೇಳಿದ್ದೀಯ. ನೀನು ಕೇಳಿದ ರಾಗಿ ಹಿಟ್ಟಿನ ವಿಷಯ ಕೊನೆಗೆ ಹೇಳುತ್ತೇನೆ.

ನಂಬುತ್ತಾರೆ. ನಾಟಕ ಅಲ್ಲ. ಮೊದಲು ಒಂದು ಎಚ್ಚರಿಕೆ: 'ಹನ್ನೆರಡು ದೇವರವರು' ಅಂತ ಅರ್ಥ ಬರುವ ಗ್ರೀಕ್ ಪದವೊಂದು ಟೀವಿಯಲ್ಲಿ ಕೇಳಿಸುತ್ತದೆ. ಅದನ್ನು ಅವರ ಎದುರಿಗೆ ಹೇಳಬೇಡ. ಅವರಲ್ಲಿ ಹೆಚ್ಚಿನವರಿಗೆ ಅದು ಗೇಲಿ ಮಾಡಿದ ಹಾಗೆ. ಜ್ಯೂಸ್, ಅಥೀನಾ ಕಥೆಗಳನ್ನು 'ಕಟ್ಟುಕಥೆ' ಅನ್ನಲೂ ಬೇಡ. ನಮ್ಮ ಮನೆದೇವರನ್ನು ಯಾರಾದರೂ ಹಾಗಂದರೆ ನಮಗೆ ಹೇಗಾಗುತ್ತೆ?

ಆ ಹಳೇ ಪೂಜೆಯ ಕೊಂಡಿ ಕಡಿದದ್ದು ತುಂಬಾ ಹಿಂದೆ. ನಾಲ್ಕನೇ ಶತಮಾನದ ಕೊನೆಗೆ ಕ್ರೈಸ್ತ ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ ಬಲಿ, ಪೂಜೆ ನಿಷೇಧಿಸಿದ. 529ರಲ್ಲಿ ಇನ್ನೊಬ್ಬ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸ್‌ನಲ್ಲಿ ತತ್ವಶಾಸ್ತ್ರ ಹೇಳಿಕೊಡುವುದನ್ನೇ ನಿಲ್ಲಿಸಿದ. ಮತ್ತೆ ಜೋಡಿಸಲು ಹೊರಟವನು ಪ್ಲೆಥೋನ್ ಅನ್ನುವ ತತ್ವಜ್ಞಾನಿ, ಸ್ಪಾರ್ಟಾ ಹತ್ತಿರದ ಮಿಸ್ತ್ರಾಸ್‌ನಲ್ಲಿ, ಹದಿನೈದನೇ ಶತಮಾನದಲ್ಲಿ. ಪ್ಲೇಟೋನ ವಿಚಾರ ಹಿಡಿದು, ಜ್ಯೂಸ್‌ನನ್ನು ಮೇಲೆ ಕೂರಿಸಿ, ಪ್ರಾರ್ಥನೆ, ಪಂಚಾಂಗ ಎಲ್ಲ ಸೇರಿಸಿ ಒಂದು ಪುಸ್ತಕ ಬರೆದ. ಅವನು ಸತ್ತ ಮೇಲೆ ಚರ್ಚಿನ ಮುಖ್ಯಸ್ಥ ಗೆನ್ನಾದಿಯೋಸ್ ಅದನ್ನು ಸುಡಿಸಿದ. ಅಲ್ಲಿಷ್ಟು ಇಲ್ಲಿಷ್ಟು ಉಳಿದಿದೆ. ಈಗಿನವರು ಅವನ ಹೆಸರನ್ನು ನಾವು ಗುರುಗಳ ಹೆಸರು ಹೇಳುವ ಹಾಗೆ ಹೇಳುತ್ತಾರೆ.

ಸರ್ಕಾರ 2017ರಲ್ಲಿ ಇದನ್ನು ಧರ್ಮ ಅಂತ ಒಪ್ಪಿತು. ಆದರೂ ಹಳೇ ಗುಡಿಗಳು ಸಂಸ್ಕೃತಿ ಇಲಾಖೆಯ ಸ್ಮಾರಕಗಳು. ಟಿಕೆಟ್ ತೆಗೆದುಕೊಂಡು ನೋಡಬಹುದು, ಪೂಜೆ ಮಾಡುವ ಹಾಗಿಲ್ಲ. 2007ರ ಜನವರಿಯಲ್ಲಿ ಒಂದು ಗುಂಪು ಅನುಮತಿ ಇಲ್ಲದೆಯೇ ಅಥೆನ್ಸ್‌ನ ಒಲಿಂಪಿಯನ್ ಜ್ಯೂಸ್ ಗುಡಿಯಲ್ಲಿ ಪೂಜೆ ಮಾಡಿ ಸುದ್ದಿಯಾಗಿತ್ತು.

ನಾನು ಒಂದು ಸಲ ಹೋಗಿದ್ದೆ, ಊರಾಚೆ ಒಂದು ಬಯಲಿಗೆ. ಲೋಬಾನ, ಬೆಂಕಿಗೆ ಬಾರ್ಲಿ ಕಾಳು, ವೈನು ಎರೆಯುವುದು. ಪ್ರಾಣಿಬಲಿ ಇರಲಿಲ್ಲ. ಬಿಳಿ ಬಟ್ಟೆಯ ಹೆಂಗಸು ಆರ್ಫಿಕ್ ಸ್ತೋತ್ರ, ಅಂದರೆ ಹಳೇ ಗ್ರೀಕ್ ದೇವರ ಸ್ತೋತ್ರ, ಓದುತ್ತಿದ್ದಳು. ಗಾಳಿಗೆ ಹಾಳೆ ಹಾರಿತು. ನಾಲ್ಕು ಜನ ಅದರ ಹಿಂದೆ ಓಡಿದರು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡೆ. ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ ನಾಚಿಕೆಯಾಯಿತು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಮಾಡುವುದೇನು? ಮೊಬೈಲನ್ನು ಗೋಡೆಗೆ ಒರಗಿಸಿ ಯೂಟ್ಯೂಬ್ ಹಾಕುತ್ತೇನೆ. ಜಾಹೀರಾತು ಬಂದರೆ ಆರತಿ ಹಿಡಿದುಕೊಂಡೇ ನಿಲ್ಲುತ್ತೇನೆ. ಊರಲ್ಲಿ ಅಮ್ಮ ಇದ್ದಾಗ ಯಾವತ್ತೂ ಕೇಳಿ ಕಲಿಯಲಿಲ್ಲ. ಒಂದು ತಲೆಮಾರಿಗೇ ನನ್ನ ಗತಿ ಹೀಗೆ. ಅವರು ಸಾವಿರದ ಐನೂರು ವರ್ಷ ಹಿಂದಕ್ಕೆ ಕೈ ಚಾಚುತ್ತಿದ್ದಾರೆ.

ಅದಕ್ಕೇ ಹೇಳುವುದು, ಹೋಗು, ಆದರೆ ದೊಡ್ಡಣ್ಣನ ಹಾಗೆ ಹೋಗಬೇಡ. ಹಿಂದೂ ಅಂದ ತಕ್ಷಣ ನಿನ್ನನ್ನು ಮುಂದೆ ಕೂರಿಸಿ, "ನಮ್ಮ ಪೂಜೆ ಸರಿಯಿದೆಯಾ?" ಅಂತ ಕೇಳುವವರೂ ಇರುತ್ತಾರೆ. ಸರ್ಟಿಫಿಕೇಟ್ ಕೊಡಲು ನಾವ್ಯಾರು? ಅಂಥ ಕೂಟಗಳಲ್ಲಿ 'ಗ್ರೀಕ್ ರಕ್ತ' ಅಂತ ಮಾತು ಶುರುಮಾಡುವವರೂ ಒಬ್ಬಿಬ್ಬರು ಸಿಗುತ್ತಾರೆ. ಎಲ್ಲರೂ ಹಾಗಲ್ಲ. ಆದರೆ ಆ ಮಾತು ಬಂದ ಕಡೆ ಚಪ್ಪಲಿ ಹಾಕಿಕೊಂಡು ಹೊರಡು. ಆ ರಕ್ತದ ಲೆಕ್ಕದಲ್ಲಿ ನಿನಗೆ ಜಾಗವಿಲ್ಲ.

ಇನ್ನೊಂದು ವಿಚಾರ. ಹಳೇ ಗ್ರೀಸ್ ಆ ಬಯಲಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡ. ನಮ್ಮ ಕೆಳಗಿನ ಮನೆಯ ಅಜ್ಜಿ, ಇಲ್ಲಿ 'ಯಾಯಾ' ಅನ್ನುತ್ತಾರೆ, ಪಕ್ಕಾ ಆರ್ಥೊಡಾಕ್ಸ್ ಕ್ರೈಸ್ತಳು. ನನಗೆ ತಲೆನೋವು ಬಂದರೆ ನೀರಿನ ಬಟ್ಟಲಿಗೆ ಎಣ್ಣೆ ಹನಿ ಬಿಟ್ಟು ದೃಷ್ಟಿ ನೋಡುತ್ತಾಳೆ, ಗುಟ್ಟಾಗಿ ಏನೋ ಪಿಸುಗುಡುತ್ತಾಳೆ. ಆ ಮಂತ್ರವನ್ನು ಹೆಂಗಸು ಗಂಡಸಿಗೇ, ಗಂಡಸು ಹೆಂಗಸಿಗೇ ಹೇಳಿಕೊಡಬೇಕಂತೆ. ತೀರಿಕೊಂಡವರ ನಲವತ್ತನೇ ದಿನ 'ಕೋಲಿವಾ' ಕೊಡುತ್ತಾಳೆ: ಬೇಯಿಸಿದ ಗೋಧಿ, ದಾಳಿಂಬೆ, ಸಕ್ಕರೆ. ಉತ್ತರದ ಲಂಗದಾಸ್‌ನಲ್ಲಿ ಮೇ 21ಕ್ಕೆ ಸಂತರ ಪಟ ಹಿಡಿದು ಕೆಂಡ ಹಾಯುತ್ತಾರೆ, ನಮ್ಮೂರ ಕೊಂಡದ ಹಾಗೇ. ಚರ್ಚಿಗೆ ಅದು ಇಷ್ಟವಿಲ್ಲ, ಆದರೂ ನಿಂತಿಲ್ಲ. ಇದರಲ್ಲಿ ಎಷ್ಟು ಹಳೆಯದು ಅಂತ ಪಂಡಿತರು ಜಗಳವಾಡಲಿ. ಯಾಯಾಗೆ ಆ ಚಿಂತೆಯೇ ಇಲ್ಲ. "ನಿನ್ನದು ಜ್ಯೂಸ್ ಕಾಲದ ಆಚಾರ" ಅಂದರೆ ಎದೆಗೆ ಶಿಲುಬೆ ಗುರುತು ಹಾಕಿಕೊಂಡು ನನ್ನನ್ನು ಬೈದಾಳು!

ಆಫೀಸಿನಲ್ಲಿ ತೊಂದರೆ? ಗುರುತಿನ ಚೀಟಿಯಿಂದ ಧರ್ಮದ ಕಾಲಂ 2000ದಲ್ಲೇ ತೆಗೆದರು. ಆದರೂ ಗ್ರೀಕ್ ಅಂದರೆ ಆರ್ಥೊಡಾಕ್ಸ್ ಅನ್ನುವ ಭಾವನೆ ಗಟ್ಟಿ. ನಿನಗೆ ಏನೂ ಆಗಲ್ಲ. ನಿನ್ನ ಗೆಳೆಯನ ವಿಷಯ ಮಾತ್ರ ಊಟದ ಟೇಬಲ್ ಮೇಲೆ ಎತ್ತಬೇಡ. ಅವನ ಮನೆಯಲ್ಲೇ ಹೇಳಿರದೆ ಇರಬಹುದು. ಈಸ್ಟರ್‌ಗೆ ಅವನ ಅಮ್ಮ ಕರೆದರೆ ಅಲ್ಲಿಗೂ ಹೋಗು. ಕುರಿ ತಿನ್ನಲ್ಲ ಅಂತ ಮೊದಲೇ ಹೇಳಿಬಿಡು. ಕೊನೇ ನಿಮಿಷದಲ್ಲಿ ಹೇಳಿದರೆ "ಹಾಗಾದರೆ ಕೋಳಿ" ಅಂತಾರೆ.

ಬೇಳೆ, ಮಸಾಲೆ ಅಥೆನ್ಸ್‌ನ ಒಮೋನಿಯಾ ಚೌಕದ ಸುತ್ತಲಿನ ಬಾಂಗ್ಲಾ, ಪಾಕಿಸ್ತಾನಿ ಅಂಗಡಿಗಳಲ್ಲಿ ಸಿಗುತ್ತವೆ. ರಾಗಿ ಹಿಟ್ಟನ್ನು ನಾನು ಊರಿಂದಲೇ ತರುತ್ತೇನೆ. ಈಗ ಎರಡು ಕೆಜಿ ಇದೆ. ಪೂಜೆ ಮುಗಿಸಿಕೊಂಡು ಭಾನುವಾರ ಮನೆಗೆ ಬಾ, ಒಂದು ಕೆಜಿ ತಗೊಂಡು ಹೋಗು. ಅಲ್ಲಿ ಏನಾಯಿತು ಅಂತ ನನಗೂ ಹೇಳು.